ಕಿಲೋಮೀಟರ್ ಬಿಡಿ, ಏರು ಎಣಿಸಿ: ಬೆಟ್ಟದ ಹಳೇ ಊರುಗಳಿಗೆ ಸೈಕಲ್ ಪ್ರವಾಸ

ಬೆಟ್ಟದ ಸೈಕಲ್ ಪ್ರವಾಸಕ್ಕೆ ನಾನು ಹಾಕಿದ ಮೊದಲ ಪ್ಲಾನು ದಿನಕ್ಕೆ 60 ಕಿಲೋಮೀಟರಿನದು. ಬಯಲಿನಲ್ಲಿ 100 ತುಳಿದು, ಸಂಜೆ ಮತ್ತೆ ಊರು ಸುತ್ತಲು ಹೋಗುತ್ತಿದ್ದವನು ನಾನು. 60 ಏನ್ ಮಹಾ ಅಂದುಕೊಂಡೆ. ಕತ್ತಲಾಗುವ ಹೊತ್ತಿಗೆ ನಾನಿದ್ದದ್ದು 51ನೇ ಕಿಲೋಮೀಟರಿನಲ್ಲಿ, ಒಂದು ಮೋರಿ ಕಟ್ಟೆಯ ಮೇಲೆ, ನಡುಗುವ ತೊಡೆ ಹಿಡಿದುಕೊಂಡು. ಉಳಿಯಬೇಕಿದ್ದ ಊರಿನ ದೀಪಗಳು ಎದುರು ಗುಡ್ಡದಲ್ಲಿ ಕಾಣುತ್ತಿದ್ದವು. ಕೂಗಿದರೆ ಕೇಳಿಸೀತು ಅನ್ನುವಷ್ಟು ಹತ್ತಿರ. ನಡುವೆ ಒಂದು ಕಣಿವೆ. ಅದಕ್ಕೆ ಇಳಿದು, ಆಮೇಲೆ 500 ಮೀಟರ್ ಮೇಲೆ ಹತ್ತಬೇಕು.

ಆ ದಿನದ ಒಟ್ಟು ಏರು 1,900 ಮೀಟರ್. ನಕ್ಷೆಯಲ್ಲಿ ಆ ಅಂಕಿಯೂ ಇತ್ತು. ನಾನು ದೂರದ ಅಂಕಿ ಮಾತ್ರ ನೋಡಿದ್ದೆ.

ಬೆಟ್ಟದಲ್ಲಿ ದಿನದ ಅಳತೆ ಏರು, ದೂರ ಅಲ್ಲ. ಏರಿನ ಲೆಕ್ಕ ಸರಿಯಾದರೆ ಗೇರು, ಲಗೇಜು, ತಂಗುವ ಊರು ಎಲ್ಲ ತಾನಾಗಿ ಸರಿಹೋಗುತ್ತವೆ. ಅದಕ್ಕೇ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಏರಿನ ಲೆಕ್ಕ

ಸವಾರ 70 ಕಿಲೋ, ಸೈಕಲ್ಲು 13, ಸಾಮಾನು 12. ಒಟ್ಟು 95 ಕಿಲೋ ಅಂತಿಟ್ಟುಕೊಳ್ಳಿ. ಇಷ್ಟು ಭಾರವನ್ನು ಒಂದು ಗಂಟೆಯಲ್ಲಿ 400 ಮೀಟರ್ ಮೇಲಕ್ಕೆ ಎತ್ತಲು ಸುಮಾರು 105 ವ್ಯಾಟ್ ಶಕ್ತಿ ಬೇಕು. ಟೈರಿನ ಉಜ್ಜಾಟವನ್ನೂ ಸೇರಿಸಿದರೆ 120ರ ಹತ್ತಿರ. ದಿನವೂ ಸೈಕಲ್ ಹೊಡೆಯುವ ಸಾಮಾನ್ಯ ಮನುಷ್ಯ ಗಂಟೆಗಟ್ಟಲೆ, ದಿನ ಬಿಟ್ಟು ದಿನ ಅಲ್ಲ, ಪ್ರತಿದಿನ ಕೊಡಬಲ್ಲ ಶಕ್ತಿ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಗಂಟೆಗೆ 400 ಮೀಟರ್ ಏರು ಅಂತ ಹಿಡಿಯಿರಿ. ಅಭ್ಯಾಸ ಕಡಿಮೆ ಇದ್ದರೆ 300.

ಈಗ ಒಂದು ದಿನ ತೆಗೆದುಕೊಳ್ಳೋಣ. ದೂರ 45 ಕಿಲೋಮೀಟರ್, ಏರು 1,100 ಮೀಟರ್. ಏರಿಗೇ 2 ಗಂಟೆ 45 ನಿಮಿಷ ಹೋಯಿತು. ಏರಿನ ರಸ್ತೆ 17 ಕಿಲೋಮೀಟರ್ ಇದೆ, ಅಷ್ಟೇ ಇಳಿಜಾರೂ ಇದೆ ಅಂದರೆ ಇಳಿಯಲು ಸುಮಾರು 40 ನಿಮಿಷ. ಉಳಿದ 11 ಕಿಲೋಮೀಟರ್ ಸಮತಟ್ಟಿಗೆ ಇನ್ನೊಂದು 40 ನಿಮಿಷ. ಒಟ್ಟು ನಾಲ್ಕು ಗಂಟೆ ದಾಟಿತು. ಇದು ಬರೀ ಪೆಡಲ್ ತುಳಿಯುವ ಹೊತ್ತು. ನೀರು, ತಿಂಡಿ, ಫೋಟೋ, ದಾರಿ ತಪ್ಪುವುದು, ಸುಮ್ನೆ ಒಂದು ಬಂಡೆ ಮೇಲೆ ಕೂರುವುದು ಎಲ್ಲ ಸೇರಿದರೆ ಆರರಿಂದ ಆರೂವರೆ ಗಂಟೆ. ನಡುವೆ ಒಂದು ಹಳೇ ಊರು ಸಿಕ್ಕಿ ಅದನ್ನು ನೋಡಬೇಕು ಅಂದರೆ ದಿನವೇ ಮುಗಿಯಿತು. 45 ಕಿಲೋಮೀಟರ್ ಚಿಕ್ಕ ದಿನ ಅಲ್ಲ ಅಂತ ಈಗ ಗೊತ್ತಾಯಿತಲ್ವಾ?

ದೂರವನ್ನೂ ಏರನ್ನೂ ಬೇರೆ ಬೇರೆ ಎಣಿಸುವುದು ಹೊಸ ಉಪಾಯವೇನಲ್ಲ. ಸ್ಕಾಟ್ಲೆಂಡಿನ ಬೆಟ್ಟ ಹತ್ತುಗ ವಿಲಿಯಂ ನೈಸ್ಮಿತ್ 1892ರಲ್ಲೇ ನಡೆಯುವವರಿಗೆ ಇಂಥದ್ದೇ ಲೆಕ್ಕ ಕೊಟ್ಟಿದ್ದರು: ಪ್ರತಿ 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ನಾವು ಅಂಕಿ ಬದಲಿಸಿಕೊಂಡಿದ್ದೇವೆ ಅಷ್ಟೆ.

ನಿಮ್ಮ ಸ್ವಂತ ಅಂಕಿ ಬೇಕು ಅಂದರೆ ಪ್ರವಾಸಕ್ಕೆ ಮುಂಚೆ ಒಂದು ಉದ್ದದ ಏರು ಹುಡುಕಿ. ಪೂರ್ತಿ ಲಗೇಜು ಹೇರಿ. ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನಕ್ಕೆ ಒಂದು ಗಂಟೆ ಹತ್ತಿ. ಎಷ್ಟು ಮೀಟರ್ ಏರಿದಿರೋ ಅದೇ ನಿಮ್ಮ ಅಂಕಿ. ಖಾಲಿ ಸೈಕಲ್ಲಿನಲ್ಲಿ ಹತ್ತಿ ನೋಡಿಕೊಂಡು ಖುಷಿಪಡಬೇಡಿ.

ಮೊದಲ ಮೂರು ದಿನ 800 ಮೀಟರ್ ದಾಟಬೇಡಿ. ಕಾಲು ಪಳಗಿದ ಮೇಲೆ 1,000–1,200. ಅದಕ್ಕಿಂತ ಜಾಸ್ತಿ ಏರಲು ಆಗುತ್ತದೆ, ಆದರೆ ಆಗ ಊರು ನೋಡಲು ಬಂದವರು ರಸ್ತೆ ನೋಡಿಕೊಂಡು ವಾಪಸ್ ಹೋಗುತ್ತೀರಿ.

ಯಾವ ರಸ್ತೆ

ಬೆಟ್ಟದ ರಸ್ತೆಗಳಲ್ಲಿ ಎರಡು ಜಾತಿ. ಗಾಡಿಗೆ ಅಂತ ಮಾಡಿದ್ದು, ಕಾಲ್ನಡಿಗೆಗೆ ಆಗಿದ್ದು.

ಗಾಡಿ ರಸ್ತೆಗೆ ಒಳ್ಳೇ ಉದಾಹರಣೆ ಇಟಲಿಯ ಸ್ಟೆಲ್ವಿಯೋ. 1820ರಿಂದ 1825ರವರೆಗೆ ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ ಕಾರ್ಲೋ ದೊನೆಗಾನಿ ಅನ್ನುವ ಎಂಜಿನಿಯರ್ ಕಟ್ಟಿದ್ದು. ಎತ್ತರ 2,757 ಮೀಟರ್. ಪ್ರಾಟೋ ಊರಿನ ಕಡೆಯಿಂದ 48 ಹೇರ್‌ಪಿನ್ ತಿರುವು. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ 24 ಕಿಲೋಮೀಟರಿನಲ್ಲಿ ಸುಮಾರು 1,800 ಮೀಟರ್ ಏರು, ಅಂದರೆ ಸರಾಸರಿ ಶೇಕಡಾ 7.5, ಪ್ರತಿ 100 ಮೀಟರ್ ದಾರಿಗೆ ಏಳೂವರೆ ಮೀಟರ್ ಎತ್ತರ. ಕುದುರೆಗಾಡಿ ಎಳೆಯಬೇಕಿತ್ತಲ್ಲ, ಅದಕ್ಕೇ ಏರನ್ನು ತಿರುವುಗಳಿಗೆ ಹಂಚಿದ್ದಾರೆ. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಗಂಟೆ. ಕಷ್ಟವೇ, ಆದರೆ ಒಂದೇ ಸಮನೆ ಹತ್ತಬಹುದು. ಹಾವಿನಂತೆ ಸುತ್ತುವ ರಸ್ತೆ ಕಂಡರೆ ಹೆದರಬೇಡಿ. ತಿರುವು ಜಾಸ್ತಿ ಇದ್ದಷ್ಟೂ ಏರು ಹದವಾಗಿರುತ್ತದೆ.

ಹೆದರಬೇಕಾದ್ದು ನೆಟ್ಟಗೆ ಹೋಗುವ ಗೆರೆಗೆ. ಹಳೇ ಊರಿಗೆ ಹೋಗುವ ಕೊನೆಯ ಎರಡು ಕಿಲೋಮೀಟರ್ ಬಹಳ ಕಡೆ ಹೇಸರಗತ್ತೆ ನಡೆದ ದಾರಿಯೇ. ಅದರ ಮೇಲೆ ಡಾಂಬರು ಸುರಿದು ರಸ್ತೆ ಅಂತ ಕರೆದಿದ್ದಾರೆ. ಅಲ್ಲಿ ಶೇ 15, ಕೆಲವೊಮ್ಮೆ 20 ಸಿಗುತ್ತದೆ. ದಿನದ ಕೊನೆಗೆ ಅದು ಬಂದರೆ ಇಳಿದು ತಳ್ಳಿ. ತಳ್ಳುವುದಕ್ಕೆ ನಾಚಿಕೆಪಡುವವರು ಬೆಟ್ಟಕ್ಕೆ ಬರಬಾರದು ಅಂತ ನನ್ನ ಅಭಿಪ್ರಾಯ.

ನಕ್ಷೆ ನೋಡುವಾಗ ಸರಾಸರಿಯನ್ನು ನಂಬಬೇಡಿ. 5 ಕಿಲೋಮೀಟರಿಗೆ 300 ಮೀಟರ್ ಅಂದರೆ ಸರಾಸರಿ ಶೇ 6. ಅದರೊಳಗೆ ಎರಡು ಕಿಲೋಮೀಟರ್ ಸಮತಟ್ಟು ಇದ್ದರೆ ಉಳಿದ ಮೂರು ಶೇ 10 ಆಗುತ್ತದೆ. ಎರಡೂ ಒಂದೇ ಅಲ್ಲ ಅಂತ ಮೊಣಕಾಲು ಹೇಳುತ್ತದೆ. ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಇರುವ ನಕ್ಷೆ ತೆಗೆದು, ರಸ್ತೆ ಎಷ್ಟು ಗೆರೆ ದಾಟುತ್ತದೆ ಅಂತ ಎಣಿಸಿ. ಎರಡು ಗೆರೆ ನಡುವೆ ಎತ್ತರದ ಅಂತರ 20 ಮೀಟರ್ ಇದ್ದು, ಒಂದು ಕಿಲೋಮೀಟರಿನಲ್ಲಿ ಐದು ಗೆರೆ ದಾಟಿದರೆ ಶೇ 10. ಬೆರಳಿಟ್ಟು ಎಣಿಸುವ ಕೆಲಸ, ಆದರೆ ದಾರಿ ನೆನಪಿನಲ್ಲಿ ಕೂರುತ್ತದೆ.

ಆ್ಯಪುಗಳು ತೋರಿಸುವ ಒಟ್ಟು ಏರು ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಸುರಂಗ ಇರುವ ಕಡೆ ಅವು ಸುರಂಗದ ಮೇಲಿನ ಗುಡ್ಡದ ಎತ್ತರವನ್ನೇ ಹಿಡಿದುಬಿಡುತ್ತವೆ. ಸೇತುವೆ ಇದ್ದರೆ ಕೆಳಗಿನ ಹೊಳೆಗೆ ಇಳಿಸಿ ಮತ್ತೆ ಹತ್ತಿಸುತ್ತವೆ. ಗ್ರಾಫಿನಲ್ಲಿ ಮೊಳೆ ನೆಟ್ಟಂಥ ಚೂಪು ಕಂಡರೆ ಅದು ಬೆಟ್ಟವಲ್ಲ, ಲೆಕ್ಕದ ತಪ್ಪು.

ಸುರಂಗದ ಮಾತು ಬಂತು. ಸೈಕಲ್ಲಿಗೆ ಬಿಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿ. ಬಿಟ್ಟರೂ ಹಿಂದೆ ಮುಂದೆ ದೀಪ ಇಲ್ಲದೆ ಒಳಗೆ ಹೋಗಬೇಡಿ. ಬಿಸಿಲಿನಿಂದ ಒಳಹೊಕ್ಕ ಚಾಲಕನ ಕಣ್ಣಿಗೆ ಕೆಲವು ಸೆಕೆಂಡ್ ಏನೂ ಕಾಣುವುದಿಲ್ಲ. ಎಷ್ಟೋ ಕಡೆ ಸುರಂಗ ಆಗುವ ಮುಂಚಿನ ಹಳೇ ರಸ್ತೆ ಗುಡ್ಡದ ಹೊರಮೈ ಸುತ್ತಿಕೊಂಡು ಹಾಗೇ ಇರುತ್ತದೆ. ಅದು ಸಿಕ್ಕರೆ ಭಾಗ್ಯ. ಕಲ್ಲು ಉರುಳಿ ಬಿದ್ದಿದೆಯಾ, ದಾರಿ ಕುಸಿದಿದೆಯಾ ಅಂತ ಹತ್ತಿರದ ಊರಿನವರನ್ನು ಕೇಳಿಯೇ ಹೋಗಿ.

ಊರು ಯಾಕೆ ಅಲ್ಲೇ ಇದೆ

ಇದು ನನಗೆ ತುಂಬಾ ಇಷ್ಟದ ಭಾಗ. ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಊರು ಎಲ್ಲಿ ಕೂತಿದೆ ಅನ್ನುವುದು ಗೊತ್ತಾದರೆ ದಾರಿ ಹೇಗಿರುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಬೆಟ್ಟದಲ್ಲಿ ಸಮತಟ್ಟು ನೆಲ ಕಡಿಮೆ. ಇರುವಷ್ಟು ಬೇಸಾಯಕ್ಕೆ ಬೇಕು. ಹಾಗಾಗಿ ಮನೆಗಳು ಕಲ್ಲು ಬಂಡೆಯ ಇಳಿಜಾರಿಗೆ ಅಂಟಿಕೊಳ್ಳುತ್ತವೆ. ಹೊಳೆಯ ಪಕ್ಕ ಪ್ರವಾಹದ ಭಯ, ಕಣಿವೆಯ ತಳದಲ್ಲಿ ಚಳಿ ಗಾಳಿ ಬಂದು ಕೂರುತ್ತದೆ. ಅದಕ್ಕೆ ಊರು ಸ್ವಲ್ಪ ಮೇಲೆ, ಬಿಸಿಲು ಬೀಳುವ ಮೈಯಲ್ಲಿ, ಒರತೆ ಹೊರಬರುವ ಮಟ್ಟದಲ್ಲಿ ಕೂರುತ್ತದೆ. ಭೂಮಿಯ ಉತ್ತರಾರ್ಧದಲ್ಲಿ ಬಿಸಿಲಿನ ಮೈ ಅಂದರೆ ದಕ್ಷಿಣಕ್ಕೆ ಮುಖ ಮಾಡಿದ್ದು. ಹತ್ತುವಾಗ ನಿಮ್ಮ ನೆತ್ತಿ ಸುಡುವುದು ಈ ಕಾರಣಕ್ಕೇ. ಅಂಥ ಏರನ್ನು ಬೆಳಗ್ಗೆ ಬೇಗ ಮುಗಿಸಿ.

ಸ್ಪೇನಿನ ಸಿಯೆರಾ ನೆವಾಡಾದ ದಕ್ಷಿಣ ಮೈಯಲ್ಲಿ ಆಲ್ಪುಹರಾಸ್ ಅನ್ನುವ ಸೀಮೆ ಇದೆ. ಸ್ಪೇನನ್ನು ಆಳಿದ ಮೂರ್ ಮುಸ್ಲಿಮರ ಕಾಲದಲ್ಲಿ ಬೆಳೆದ ಊರುಗಳು. ಹಿಮ ಕರಗಿದ ನೀರನ್ನು ಬೆಟ್ಟದ ಮೈಯುದ್ದಕ್ಕೂ ಕಾಲುವೆಗಳಲ್ಲಿ ಹರಿಸಿದ್ದಾರೆ, ಆ ನೀರನ್ನು ನಂಬಿಕೊಂಡು ಬಿಳೀ ಮನೆಗಳು, ಚಪ್ಪಟೆ ಮಾಡುಗಳು. ಅಲ್ಲಿನ ಪೊಕೇರಾ ಕಣಿವೆಯಲ್ಲಿ ಮೂರು ಊರು ಒಂದರ ಮೇಲೊಂದು ಕೂತಿವೆ: ಪಂಪನೇರಾ ಸುಮಾರು 1,050 ಮೀಟರಿನಲ್ಲಿ, ಬುಬಿಯೋನ್ 1,300ರಲ್ಲಿ, ಕಪಿಲೇರಾ 1,430ರಲ್ಲಿ. ನಕ್ಷೆಯಲ್ಲಿ ಮೂರೂ ಒಂದು ಹೆಬ್ಬೆರಳಿನ ಅಡಿ ಮುಚ್ಚಿಹೋಗುತ್ತವೆ. ಸೈಕಲ್ಲಿಗೆ ಅದು ಒಂದು ಗಂಟೆಯ ಏರು. "ಮೂರೂ ಹತ್ತಿರ ಹತ್ತಿರವೇ ಇವೆ, ಸಂಜೆ ಹೋಗಿಬರೋಣ" ಅಂದುಕೊಂಡವರ ಸ್ಥಿತಿ ನೀವೇ ಊಹಿಸಿ.

ಭಯ ಕಟ್ಟಿದ ಊರುಗಳೂ ಇವೆ. ಜಾರ್ಜಿಯಾದ ಸ್ವಾನೇತಿಯಲ್ಲಿ ಮನೆಗೊಂದು ಕಲ್ಲಿನ ಗೋಪುರ. ಹೊರಗಿನ ದಾಳಿ, ಒಳಗಿನ ಸೇಡು ಎರಡರಿಂದಲೂ ಉಳಿಯಲು ಕಟ್ಟಿಕೊಂಡದ್ದು. ಅಲ್ಲಿನ ಉಶ್ಗುಲಿ ಸುಮಾರು 2,100 ಮೀಟರಿನಲ್ಲಿದೆ. ಯುನೆಸ್ಕೋ 1996ರಲ್ಲಿ ಮೇಲಿನ ಸ್ವಾನೇತಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರಕ್ಷಣೆಗೆ ಅಂತ ಕಟ್ಟಿದ ಊರಿಗೆ ಸುಲಭದ ದಾರಿ ಇರುತ್ತದೆಯೇ? ದಾರಿ ಕಷ್ಟ ಇದ್ದದ್ದಕ್ಕೇ ಗೋಪುರಗಳು ಇಷ್ಟು ಉಳಿದಿವೆ. ಗುಡ್ಡದ ತುದಿಯಲ್ಲಿ ಕೋಟೆ ಊರು ಕಂಡರೆ ಕೊನೆಯ ಒಂದೂವರೆ ಕಿಲೋಮೀಟರಿಗೆ ಕಾಲಿನಲ್ಲಿ ಸ್ವಲ್ಪ ಶಕ್ತಿ ಉಳಿಸಿಕೊಳ್ಳಿ.

ಮಾಡುಗಳನ್ನೂ ನೋಡಿ. ಜಪಾನಿನ ಶಿರಾಕವಾ-ಗೋದಲ್ಲಿ ಹುಲ್ಲಿನ ಮಾಡುಗಳು ಸುಮಾರು 60 ಡಿಗ್ರಿ ಕಡಿದಾಗಿವೆ, ಹಿಮ ನಿಲ್ಲದೆ ಜಾರಲಿ ಅಂತ. ಮಾಡು ಅಷ್ಟು ಕಡಿದು ಅಂದರೆ ಚಳಿಗಾಲದಲ್ಲಿ ಅಲ್ಲಿ ನಿಮ್ಮ ಸೈಕಲ್ಲಿಗೆ ಕೆಲಸ ಇಲ್ಲ ಅಂತಲೇ ಅರ್ಥ. ಎತ್ತರದ ಕಣಿವೆದಾರಿಗಳು, ಅಂದರೆ ಬೆಟ್ಟಸಾಲು ದಾಟಿಸುವ ದಾರಿಗಳು, ಹಿಮ ಕರಗಿದ ಮೇಲೇ ತೆರೆಯುತ್ತವೆ. ಆಲ್ಪ್ಸ್‌ನ ಎತ್ತರದ ದಾರಿಗಳು ಬಹುಮಟ್ಟಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ.

ಗ್ರೀಸಿನ ಝಗೋರಿಯಲ್ಲಿ ಊರಿಗೆ ಊರನ್ನು ಜೋಡಿಸಿದ್ದು ಕಲ್ಲು ಹಾಸಿದ ಕಾಲುದಾರಿ, ಕಮಾನಿನ ಕಲ್ಲು ಸೇತುವೆ. ಇವು ಹೇಸರಗತ್ತೆಗೆ ಅಂತ ಆದವು. ಕಾರಿನ ರಸ್ತೆ ಬೇರೆ ಕಡೆ ಸುತ್ತಿ ಹೋಗುತ್ತದೆ. ಇಂಥ ಕಡೆ ಸೈಕಲ್ಲನ್ನು ಊರಿನಲ್ಲೇ ಬಿಟ್ಟು, ಒಂದು ದಿನ ನಡೆದೇ ಪಕ್ಕದ ಊರಿಗೆ ಹೋಗಿಬನ್ನಿ. ಕಾಲಿಗೂ ಬೇರೆ ಕೆಲಸ ಸಿಕ್ಕಂತಾಯಿತು.

ತಂಗುವ ಊರು ಆರಿಸುವಾಗ ನನ್ನ ಪದ್ಧತಿ ಇದು: ದೊಡ್ಡ ಏರಿನ ಬುಡದ ಊರಿನಲ್ಲಿ ರಾತ್ರಿ ಉಳಿಯುವುದು. ಕಣಿವೆದಾರಿಗೆ ಮುಂಚಿನ ಕೊನೆಯ ಊರು ಅಂತ ಒಂದು ಇದ್ದೇ ಇರುತ್ತದೆ. ಹಿಂದೆ ವ್ಯಾಪಾರಿಗಳೂ ಅಲ್ಲೇ ರಾತ್ರಿ ಕಳೆದು ಬೆಳಗ್ಗೆ ದಾಟುತ್ತಿದ್ದರು. ಹಾಗಾಗಿ ತಂಗುವ ಜಾಗ, ನೀರು, ಹಳೇ ಕಟ್ಟಡ ಎಲ್ಲ ಅಲ್ಲೇ ಜಾಸ್ತಿ ಸಿಗುತ್ತವೆ.

ಗೇರು, ಟೈರು, ಚೀಲ

ಗೇರಿಗೂ ಅದೇ 400 ಮೀಟರ್ ಲೆಕ್ಕ. ಮುಂದಿನ ಚಿಕ್ಕ ಚಕ್ರಕ್ಕೆ 26 ಹಲ್ಲು, ಹಿಂದಿನ ದೊಡ್ಡದಕ್ಕೆ 36 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ಲು ಒಂದೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಐದೂವರೆ ಕಿಲೋಮೀಟರ್. ಶೇ 8ರ ಏರಿನಲ್ಲಿ ಅದು ಗಂಟೆಗೆ ಸುಮಾರು 440 ಮೀಟರ್ ಎತ್ತರ. ನಮ್ಮ ಶಕ್ತಿಗೆ ಹತ್ತಿರ. ಅದೇ 34ಕ್ಕೆ 34 ಇದ್ದರೆ? ಅದೇ 60 ಸುತ್ತಿಗೆ ಗಂಟೆಗೆ 600 ಮೀಟರ್ ಏರಬೇಕು. ಆಗುವುದಿಲ್ಲ. ಸುತ್ತು 40ಕ್ಕೆ ಇಳಿಯುತ್ತದೆ, ಪ್ರತಿ ತುಳಿತಕ್ಕೂ ಇಡೀ ಮೈಭಾರ ಹಾಕಬೇಕಾಗುತ್ತದೆ. ಮೂರನೇ ದಿನಕ್ಕೆ ಮೊಣಕಾಲು ಊದಿರುತ್ತದೆ.

ಕಡಿಮೆ ಗೇರು ಅಂದರೆ ಕೈಲಾಗದವರಿಗೆ ಅನ್ನುವ ಮಾತು ಹಳೆಯದು. ಟೂರ್ ಡಿ ಫ್ರಾನ್ಸ್ ಸ್ಪರ್ಧೆ 1910ರಲ್ಲೇ ಸವಾರರನ್ನು ಪಿರನೀಸ್ ಪರ್ವತದ ಟೂರ್ಮಲೆ ಕಣಿವೆದಾರಿ ಹತ್ತಿಸಿತು. ಆದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್‌ಗೆ ಅಲ್ಲಿ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟರಲ್ಲಿ ಸುಮ್ನೆ ಊರೂರು ಸುತ್ತುವ ಫ್ರಾನ್ಸಿನ ಸೈಕಲ್ ಪ್ರವಾಸಿಗರು ಎಷ್ಟೋ ವರ್ಷಗಳಿಂದ ಅದನ್ನು ಬಳಸುತ್ತಿದ್ದರು. ಜಾಣತನ ಯಾವ ಕಡೆ ಇತ್ತು ಅಂತ ಈಗ ಎಲ್ಲರಿಗೂ ಗೊತ್ತು.

ತೂಕದ ಬಗ್ಗೆ ಮಾತ್ರ ಜನ ಅತಿ ಮಾಡುತ್ತಾರೆ. ಒಟ್ಟು 95 ಕಿಲೋದಲ್ಲಿ ಒಂದು ಕಿಲೋ ಅಂದರೆ ಹತ್ತಿರ ಹತ್ತಿರ ಶೇ 1. ಮೂರು ಗಂಟೆಯ ಏರಿನಲ್ಲಿ ಅದು ಎರಡು ನಿಮಿಷ. ಹಲ್ಲುಜ್ಜುವ ಬ್ರಷ್ ಅರ್ಧ ಮುರಿದುಕೊಂಡು ಬರುವ ಅಗತ್ಯ ಇಲ್ಲ. ಮಳೆ ಅಂಗಿ, ಬೆಚ್ಚನೆಯ ಒಂದು ಅಂಗಿ ಬಿಟ್ಟು ಬಂದರೆ ಮಾತ್ರ ಕೆಡುತ್ತೀರಿ.

ಭಾರದ ಚೀಲಗಳು ಕೆಳಗಿರಲಿ, ಎರಡೂ ಬದಿಗೆ ಸಮ ಇರಲಿ. ಕ್ಯಾರಿಯರ್ ಮೇಲೆ ಎತ್ತರಕ್ಕೆ ಹೇರಿದರೆ ಇಳಿಜಾರಿನಲ್ಲಿ ಹ್ಯಾಂಡಲ್ ತನ್ನಷ್ಟಕ್ಕೆ ಅದುರಲು ಶುರುವಾಗುತ್ತದೆ. ಕ್ಯಾರಿಯರಿನ ಬೋಲ್ಟುಗಳನ್ನು ದಿನಾ ಸಂಜೆ ಮುಟ್ಟಿ ನೋಡಿ, ಎರಡು ಹೆಚ್ಚುವರಿ ಬೋಲ್ಟು ಇಟ್ಟುಕೊಳ್ಳಿ. ಟೈರು 40 ಮಿಲಿಮೀಟರಿಗಿಂತ ಅಗಲ ಇದ್ದರೆ ಕಲ್ಲುಹಾಸಿನ ಮೇಲೆ ಹಲ್ಲು ಕಟಕಟ ಅನ್ನುವುದಿಲ್ಲ. ಜೊತೆಗೆ ಎರಡು ಟ್ಯೂಬು, ಪಂಕ್ಚರ್ ಸಾಮಾನು, ಪಂಪು, ಚೈನ್ ಬಿಚ್ಚುವ ಟೂಲು, ಚೈನಿನ ಒಂದು ಜೋಡುಕೊಂಡಿ, ಹಿಂದಿನ ಚಕ್ರದ ಎರಡು ಕಡ್ಡಿ, ಗೇರ್ ಕೇಬಲ್ಲು. ಮತ್ತು ಬ್ರೇಕ್ ಪ್ಯಾಡ್, ಎರಡು ಜೊತೆ. ಅದು ಯಾಕೆ ಅಂತ ಮುಂದೆ ಬರುತ್ತದೆ.

ಹತ್ತುವ ದಿನ

ಬೇಗ ಹೊರಡಿ. ಬೆಟ್ಟದ ಗಾಳಿಗೂ ಒಂದು ವೇಳಾಪಟ್ಟಿ ಇದೆ. ಬಿಸಿಲೇರಿದ ಮೇಲೆ ಗಾಳಿ ಕಣಿವೆಯ ಬಾಯಿಂದ ಮೇಲಕ್ಕೆ ಬೀಸುತ್ತದೆ, ಮಧ್ಯಾಹ್ನಕ್ಕೆ ಜೋರಾಗುತ್ತದೆ. ರಾತ್ರಿ ಉಲ್ಟಾ. ಹಾಗಾಗಿ ಕಣಿವೆಯಲ್ಲಿ ಮೇಲಕ್ಕೆ ಹೋಗುವವರಿಗೆ ಹಗಲಿನ ಗಾಳಿ ಬೆನ್ನು ತಟ್ಟುತ್ತದೆ. ಕೆಳಗೆ ಬರುವವರು ಮಧ್ಯಾಹ್ನ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗುತ್ತದೆ. ಉದ್ದದ ಕಣಿವೆ ಇಳಿಯುವುದಿದ್ದರೆ ಬೆಳಗ್ಗೆಯೇ ಮುಗಿಸಿ.

ಬೇಸಿಗೆಯ ಗುಡುಗು ಮಳೆಯೂ ಬಹಳ ಸಲ ಮಧ್ಯಾಹ್ನದ ಮೇಲೇ ಬರುತ್ತದೆ. ಎತ್ತರದ ದಾರಿಯ ನೆತ್ತಿಯನ್ನು ಹನ್ನೆರಡರೊಳಗೆ ದಾಟಿಬಿಡಿ. ಮಿಂಚು ಕಂಡು ಗುಡುಗು ಕೇಳುವುದರೊಳಗೆ 30 ಎಣಿಸಲು ಆಗದಿದ್ದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಬೆನ್ನೇಣು ಬಿಟ್ಟು ಕೆಳಗಿಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಮೊದಲ ಅರ್ಧ ಗಂಟೆ "ಇಷ್ಟು ನಿಧಾನ ಬೇಕಾ" ಅನಿಸುವಷ್ಟು ನಿಧಾನಕ್ಕೆ ಹೋಗಿ. ಹೇರ್‌ಪಿನ್ ತಿರುವಿನಲ್ಲಿ ಒಳಮೈ ಕಡಿದು, ಹೊರಮೈ ಸಲೀಸು. ಎದುರು ಗಾಡಿ ಇಲ್ಲ ಅಂತ ಖಾತ್ರಿ ಇದ್ದರೆ, ನಿಮ್ಮ ಸಾಲಿನೊಳಗೇ ಆದಷ್ಟು ಹೊರಗೆ ಹಿಡಿಯಿರಿ. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಥವಾ ಪಿಷ್ಟ ಹೊಟ್ಟೆಗೆ ಬೀಳಲಿ. 120 ವ್ಯಾಟಿನಲ್ಲಿ ಒಂದು ಗಂಟೆ ತುಳಿದರೆ ಮೈ 400 ಕಿಲೋಕ್ಯಾಲರಿಗೂ ಜಾಸ್ತಿ ಸುಡುತ್ತದೆ. ಹಸಿವಾದ ಮೇಲೆ ತಿಂದರೆ ಅದು ಕಾಲಿಗೆ ತಲುಪುವಷ್ಟರಲ್ಲಿ ತಡವಾಗಿರುತ್ತದೆ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್.

2,500 ಮೀಟರ್ ಮೇಲೆ ರಾತ್ರಿ ಉಳಿಯುವುದಿದ್ದರೆ ಎತ್ತರದ ಕಾಯಿಲೆಯ ನೆನಪಿರಲಿ. ತಲೆನೋವು, ಓಕರಿಕೆ, ಮಂಕು. 3,000 ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಿ. ತಲೆನೋವಿನ ಜೊತೆ ನಡಿಗೆ ತಡವರಿಸಿದರೆ, ಅಥವಾ ಸುಮ್ಮನೆ ಕೂತಿದ್ದರೂ ಏದುಸಿರು ಬಂದರೆ ತಡಮಾಡದೆ ಕೆಳಗಿಳಿಸಿ, ವೈದ್ಯರಿಗೆ ತೋರಿಸಿ.

ಇಳಿಯುವಾಗ

ಹೊಸಬರು ಏರಿಗೆ ಹೆದರುತ್ತಾರೆ. ನಾನು ಹೆದರುವುದು ಇಳಿಜಾರಿಗೆ.

95 ಕಿಲೋ ಭಾರ ಶೇ 10ರ ಇಳಿಜಾರಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿದೆ ಅನ್ನಿ. ಅದನ್ನು ಅದೇ ವೇಗದಲ್ಲಿ ಹಿಡಿದಿಡಲು ಬ್ರೇಕು ಸುಮಾರು 500–600 ವ್ಯಾಟ್ ಶಾಖ ನುಂಗಬೇಕು. ನೀವು ಹತ್ತುವಾಗ ಕೊಟ್ಟ ಶಕ್ತಿಯ ನಾಲ್ಕೈದು ಪಟ್ಟು, ಅಷ್ಟೂ ಒಂದು ಅಂಗೈಯಗಲದ ಡಿಸ್ಕಿಗೆ ಅಥವಾ ರಿಮ್ಮಿಗೆ. ರಿಮ್ ಬ್ರೇಕಿನಲ್ಲಿ ರಿಮ್ಮು ಕಾದು ಟ್ಯೂಬು ಒಡೆಯಬಹುದು. ಡಿಸ್ಕಿನಲ್ಲಿ ಪ್ಯಾಡು ಕಾದು ಹಿಡಿತ ಬಿಡಬಹುದು.

ಹಾಗಾಗಿ ಬ್ರೇಕನ್ನು ಅರ್ಧಂಬರ್ಧ ಒತ್ತಿಕೊಂಡೇ ಇಳಿಯಬೇಡಿ. ಬಿಡಿ, ವೇಗ ಸ್ವಲ್ಪ ಏರಲಿ, ತಿರುವಿಗೆ ಮುಂಚೆ ಎರಡೂ ಬ್ರೇಕು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಮತ್ತೆ ಬಿಡಿ. ಬಿಟ್ಟಾಗ ಗಾಳಿ ತಾಗಿ ಡಿಸ್ಕು ತಣಿಯುತ್ತದೆ. ನೇರ ರಸ್ತೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರೆ ಎದೆಯೇ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ. ತಿರುವಿನ ಒಳಗೆ ಬ್ರೇಕ್ ಹಾಕಬೇಡಿ, ಅಲ್ಲಿಗೆ ಬರುವ ಮುಂಚೆ ಮುಗಿಸಿ. ಒಳಗಿನ ಪೆಡಲ್ ಮೇಲಿರಲಿ. ಕಣ್ಣು ತಿರುವಿನ ಆಚೆ ಇರಲಿ, ಪ್ರಪಾತದ ಮೇಲೆ ಬೇಡ. ಕಣ್ಣು ಹೋದ ಕಡೆಗೇ ಸೈಕಲ್ಲೂ ಹೋಗುತ್ತದೆ.

ಒಮ್ಮೆ ಮಳೆಯಲ್ಲಿ ಉದ್ದದ ಇಳಿಜಾರು ಇಳಿಯುತ್ತಿದ್ದೆ. ಮರಳು ಮಿಶ್ರಿತ ನೀರು ಡಿಸ್ಕಿಗೆ ಎರಚುತ್ತಿತ್ತು. ಮೊದಲು 'ಚರ್' ಅನ್ನುವ ಸದ್ದು. ಮಳೆಯದೇ ಅಂದುಕೊಂಡೆ. ಆಮೇಲೆ ಬ್ರೇಕಿನ ಹಿಡಿ ಹ್ಯಾಂಡಲ್‌ಗೆ ಹತ್ತಿರ ಬರತೊಡಗಿತು, ಸದ್ದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಬದಲಾಯಿತು. ನಿಲ್ಲಿಸಿ ಪ್ಯಾಡು ಕಿತ್ತು ನೋಡಿದರೆ ಉಜ್ಜುವ ಪದರವೇ ಇಲ್ಲ, ಹಿಂದಿನ ತಗಡು ಮಿರಮಿರ ಮಿಂಚುತ್ತಿತ್ತು. ಬೆಳಗ್ಗೆ ಅದೇ ಪ್ಯಾಡು ನೋಡಿ "ಇನ್ನೊಂದು ವಾರ ಬರುತ್ತದೆ" ಅಂದವನು ನಾನೇ. ಒಳ್ಳೇ ರಸ್ತೆಯಲ್ಲಿ ಬರುತ್ತಿತ್ತೇನೋ. ಮಳೆ, ಮರಳು, ಉದ್ದದ ಇಳಿಜಾರು ಮೂರೂ ಸೇರಿದರೆ ಒಂದೇ ದಿನ ಸಾಕು. ಪದರ ಅರ್ಧ ಮಿಲಿಮೀಟರಿಗೆ ಇಳಿದರೆ ಬದಲಿಸಲೇಬೇಕು. ದೊಡ್ಡ ಇಳಿಜಾರು ಇದೆ ಅಂದರೆ ನಾನು ಒಂದು ಮಿಲಿಮೀಟರಿಗೇ ಬದಲಿಸುತ್ತೇನೆ. ನಿಂತ ತಕ್ಷಣ ಡಿಸ್ಕು ಮುಟ್ಟಬೇಡಿ, ಬೆರಳಿನ ಗುರುತು ಹೋಗಲು ವಾರ ಹಿಡಿಯುತ್ತದೆ.

ನೆತ್ತಿಯಲ್ಲಿ ಬೆವತು ನಿಂತಾಗಲೇ ಜಾಕೆಟ್ ಹಾಕಿಕೊಳ್ಳಿ, ಚಳಿಯಾದ ಮೇಲಲ್ಲ. 1,000 ಮೀಟರ್ ಮೇಲೆ ಹೋದರೆ ತಾಪಮಾನ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ, ಅದರ ಮೇಲೆ ಇಳಿಯುವ ವೇಗದ ಗಾಳಿ. ಬೆರಳು ಮರಗಟ್ಟಿದರೆ ಬ್ರೇಕ್ ಒತ್ತುವವರು ಯಾರು? ಬೇಸಿಗೆಯಲ್ಲೂ ಪೂರ್ತಿ ಬೆರಳಿನ ಗ್ಲೌಸು ಒಂದು ಜೊತೆ ಚೀಲದ ಮೇಲ್ಗಡೆಯೇ ಇರಲಿ.

ಊರಿನ ಒಳಗೆ

ಊರ ಬಾಗಿಲಲ್ಲೇ ಇಳಿದುಬಿಡಿ. ಹಳೇ ಓಣಿಗಳಲ್ಲಿ ಮನೆ ಬಾಗಿಲು ನೇರ ದಾರಿಗೇ ತೆರೆಯುತ್ತದೆ. ಮಕ್ಕಳು, ಅಜ್ಜಿಯರು, ಕೋಳಿಗಳು ಎಲ್ಲ ಅಲ್ಲೇ. ಕಲ್ಲುಹಾಸು ನೂರಾರು ವರ್ಷ ಸವೆದು ಹೊಳಪು ಬಂದಿರುತ್ತದೆ. ಒಂದು ಹನಿ ಬಿದ್ದರೂ ಸೋಪಿನಂತೆ ಜಾರುತ್ತದೆ. ಚರಂಡಿ ಜಾಲರಿಯ ಸೀಳು ರಸ್ತೆಯ ಉದ್ದಕ್ಕೇ ಇದ್ದರೆ ಟೈರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಇಷ್ಟೆಲ್ಲಾ ಸಾಲದು ಅನ್ನುವಂತೆ, ತಳ್ಳಿಕೊಂಡು ಹೋದವರ ಜೊತೆ ಜನ ಮಾತಾಡುತ್ತಾರೆ, ತುಳಿದು ಹೋದವರ ಜೊತೆ ಮಾತಾಡುವುದಿಲ್ಲ. ಮುಂದಿನ ಒರತೆ ಎಲ್ಲಿ, ಹಳೇ ರಸ್ತೆ ಇನ್ನೂ ಇದೆಯಾ, ಮಧ್ಯಾಹ್ನ ಅಂಗಡಿ ತೆರೆದಿರುತ್ತದಾ, ಇದೆಲ್ಲ ಆ ಮಾತಿನಲ್ಲೇ ಸಿಗುವುದು. ಫೋಟೋ ತೆಗೆಯುವ ಮುಂಚೆ ಕೇಳಿ. ಅದು ಅವರ ಮನೆ ಅಂಗಳ.

ನೀರು ಊರಿನವರು ಕುಡಿಯುವ ಒರತೆಯಿಂದ ತುಂಬಿಸಿ. ಮೇಲೆ ದನ ಕುರಿ ಮೇಯುವ ಹೊಳೆಯ ನೀರನ್ನು ಕುದಿಸದೆ ಕುಡಿಯಬೇಡಿ. ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರ್ ಮೇಲಾದರೆ ಮೂರು ನಿಮಿಷ. ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ.

ಕುರಿ ಕಾಯುವ ನಾಯಿಗಳು ಊರಾಚೆ ಸಿಗುತ್ತವೆ. ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿದು ಪಾರಾಗಲು ನೋಡಬೇಡಿ, ಏರಿನಲ್ಲಂತೂ ಅದು ಆಗುವ ಮಾತಲ್ಲ. ನಿಲ್ಲಿಸಿ, ಇಳಿಯಿರಿ. ಸೈಕಲ್ಲು ನಿಮ್ಮ ಮತ್ತು ನಾಯಿಯ ನಡುವೆ ಇರಲಿ. ಮೆತ್ತಗೆ ಮಾತಾಡುತ್ತಾ, ಮಂದೆಯಿಂದ ದೂರಕ್ಕೆ ನಡೆದು ಹೋಗಿ. ಮಂದೆಗೆ ನಿಮ್ಮಿಂದ ಅಪಾಯ ಇಲ್ಲ ಅಂತ ಗೊತ್ತಾದರೆ ಬಹಳಷ್ಟು ನಾಯಿಗಳು ಅಲ್ಲಿಗೇ ಬಿಡುತ್ತವೆ.

ಕೊನೆಗೆ ಗುಡ್ಡದ ತುದಿಯ ಊರಿನಲ್ಲಿ ರಾತ್ರಿ ಉಳಿದವರಿಗೆ ಒಂದು ಮಾತು. ಅಲ್ಲಿ ಬೆಳಗಾಗುವುದೇ ಇಳಿಜಾರಿನಿಂದ. ಮೈ ಬಿಸಿಯಾಗಿಲ್ಲ, ಕಲ್ಲುಹಾಸಿನ ಮೇಲೆ ಇಬ್ಬನಿ, ಬ್ರೇಕು ತಣ್ಣಗೆ, ಮೊದಲ ತಿರುವು ಊರ ಬಾಗಿಲಿನಿಂದ ನೂರು ಹೆಜ್ಜೆಯಲ್ಲೇ. ಹಾಗಾಗಿ ಪ್ಯಾಡು, ಕ್ಯಾರಿಯರ್ ಬೋಲ್ಟು, ಟೈರಿನ ಗಾಳಿ ಮೂರನ್ನೂ ಹಿಂದಿನ ಸಂಜೆ ಬೆಳಕಿದ್ದಾಗಲೇ ನೋಡಿಬಿಡಿ. ಬೆಳಗ್ಗೆ ಜಾಕೆಟ್ ಹಾಕಿ, ಡಾಂಬರು ಸಿಗುವವರೆಗೆ ತಳ್ಳಿಕೊಂಡು ಹೋಗಿ, ನಿಂತಲ್ಲೇ ಎರಡೂ ಬ್ರೇಕು ಒತ್ತಿ ಸೈಕಲ್ಲನ್ನು ಮುಂದಕ್ಕೆ ದೂಡಿ ನೋಡಿ. ಚಕ್ರ ಕದಲದಿದ್ದರೆ ಹತ್ತಿ.